ಅಂಚಿನ ಮೇಲಿದ್ದ ಹೆಸರು

ಅವರ ಎರಡೂ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಬುಡದವರೆಗೆ ಎರಡು ಬೆರಳಗಲದ ಪಟ್ಟಿಯೊಂದು ಸುಟ್ಟು ಮಾಗಿ, ಹಳೆಯ ಚಪ್ಪಲಿಯ ಒಳಮೈಯಂತೆ ನುಣ್ಣಗಾಗಿತ್ತು. ಚಹಾದ ಗ್ಲಾಸು ಎಷ್ಟೇ ಬಿಸಿ ಇರಲಿ, ಅವರು ಅದರ ಬುಡಕ್ಕೆ ಅಂಗೈ ಕೊಟ್ಟು ಹಿಡಿಯುತ್ತಿದ್ದರು. ನಾವು ಮೇಲಿನ ತುದಿ ಹಿಡಿದು ಊದುತ್ತಿದ್ದೆವು. ಒಂದು ಸಲ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ನನ್ನ ಅಂಗಡಿಯ ಕಟ್ಟೆಗೆ ಬಂದು ಕುಳಿತ. ಎಲ್ಲರ ಕೈ ನೋಡಿದ ಮೇಲೆ ಇವರ ಕೈ ಹಿಡಿದ. ತಿರುಗಿಸಿದ, ಬಿಸಿಲಿಗೆ ಹಿಡಿದ, ತನ್ನ ಹೆಬ್ಬೆರಳಿನಿಂದ ತಿಕ್ಕಿಯೂ ನೋಡಿದ.

"ಅಜ್ಜಾ, ನಿನಗ ಆಯುಷ್ಯರೇಖೆನೇ ಇಲ್ಲಲ್ಲೋ!"

"ಅದಕ್ಕೇ ನೋಡಪಾ, ಯಮ ಹುಡುಕಿ ಹುಡುಕಿ ಸಾಕಾಗಿ ವಾಪಸ್ ಹೋಗ್ಯಾನ," ಎಂದರು ಅವರು.

ಓಣಿಗೆಲ್ಲ ಅವರು ಮಿಲ್ಟ್ರಿ ಕಾಕಾ. ಹುಟ್ಟಿದ್ದು ಸುರಪುರ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಮೀನು ಹಿಡಿಯುವ, ಹರಿಗೋಲು ಹಾಕುವ ಮನೆತನ. ಮೀಸೆ ಮೂಡುವ ವಯಸ್ಸಿನಲ್ಲಿ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಫೌಜಿಗೆ ಹೋದರು. ಹೊಳೆಯ ಮಂದಿ ಎಂದು ತಿಳಿದ ಮೇಲೆ ಅವರನ್ನು ಸೇತುವೆ ಕಟ್ಟುವ, ತೆಪ್ಪ ನಡೆಸುವ ಕಂಪನಿಗೆ ಹಾಕಿದರಂತೆ. ಬಾಂಗ್ಲಾ ಯುದ್ಧದಲ್ಲಿ ಅವರ ಕೆಲಸ ಹಗ್ಗ ಎಳೆಯುವುದು; ಈ ದಂಡೆಯಿಂದ ಆ ದಂಡೆಗೆ ಮಂದಿಯನ್ನು, ಹೇಸರಗತ್ತೆಗಳನ್ನು, ಅಕ್ಕಿ ಚೀಲಗಳನ್ನು ದಾಟಿಸುವುದು. ಹಗ್ಗ ಜಾರಿ ಜಾರಿ ಅಂಗೈ ಸುಟ್ಟದ್ದು ಅಲ್ಲಿ. "ನಮ್ಮ ಕಂಪನ್ಯಾಗ ಎಲ್ಲಾರ ಕೈನೂ ಹಿಂಗೇ ಇದ್ದವು, ನಂದೊಬ್ಬಂದೇ ಅಲ್ಲ," ಎನ್ನುತ್ತಿದ್ದರು. ಫೌಜಿಗೆ ಸೇರಿದ ಎಂಟು ವರ್ಷಕ್ಕೆ ಅಣ್ಣ ತೀರಿಕೊಂಡ, ಮನೆ ನಡೆಸುವವರಿಲ್ಲ ಎಂದು ಬಿಟ್ಟು ಬಂದರು. ಅಷ್ಟು ಕಡಿಮೆ ವರ್ಷಕ್ಕೆ ಪಿಂಚಣಿ ಇಲ್ಲ. ಬಂದವರು ಮತ್ತೆ ಬಲೆ ಹಿಡಿದರು.

ಕೆಲವು ವರ್ಷಗಳ ಹಿಂದೆ ಕೃಷ್ಣೆ ಏರಿ ಬಂದಾಗ ಅವರ ಮನೆಯ ಗೋಡೆ ಕುಸಿಯಿತು. ಫೌಜಿನ ಕಾಗದಪತ್ರಗಳಿದ್ದ ಟ್ರಂಕು ಮೂರು ದಿನ ರಾಡಿಯಲ್ಲಿತ್ತು. ತೆರೆದಾಗ ಕಾಗದವೆಲ್ಲ ಹಿಟ್ಟಿನ ಮುದ್ದೆಯಾಗಿತ್ತು. ಉಳಿದದ್ದು ಮೂರು ಪದಕ. ಅವನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿಕೊಂಡು ಶಹಾಪುರದಲ್ಲಿ ಮೀನು ಮಾರುವ ಮಗಳ ಮನೆಗೆ ಬಂದರು. ಮಗಳ ಮನೆ ನನ್ನ ಅಂಗಡಿಯಿಂದ ನಾಲ್ಕನೆಯದು. ಹೀಗೆ ನನಗೆ ಅವರು ಪರಿಚಯವಾದರು.

ನನ್ನದು ಭಾಂಡೆ ಪಾಲಿಶ್ ಮಾಡುವ ಅಂಗಡಿ. ಹಿತ್ತಾಳೆ, ತಾಮ್ರ, ಸ್ಟೀಲು, ಯಾವುದೇ ಇರಲಿ, ಕಪ್ಪಾಗಿ ಬಂದದ್ದನ್ನು ಹೊಳೆಯುವಂತೆ ಮಾಡಿ ಮೇಲೆ ಹೆಸರು ಕೊರೆದು ಕಳಿಸುತ್ತೇನೆ. ನಾಲ್ಕನೇ ಇಯತ್ತೆಯಲ್ಲಿ ಅಪ್ಪ ಹೋದ, ನಾನು ಸಾಲಿ ಬಿಟ್ಟು ರಾಯಚೂರಿನಲ್ಲಿ ಒಬ್ಬರ ಚಕ್ರದ ಮುಂದೆ ಕುಳಿತೆ. ಅಂದಿನಿಂದ ಇಂದಿನವರೆಗೆ ಯಾರ ಮುಂದೂ ಕೈ ಚಾಚಿಲ್ಲ, ಯಾರಿಂದಲೂ 'ಇದು ಸರಿ ಆಗಿಲ್ಲ' ಎನ್ನಿಸಿಕೊಂಡಿಲ್ಲ. ನಾನು ತಿಕ್ಕಿದ ಕೊಡವನ್ನು ನೋಡಿಕೊಂಡು ಹೆಣ್ಣುಮಕ್ಕಳು ಕುಂಕುಮ ಹಚ್ಚಿಕೊಳ್ಳಬಹುದು. ಕನ್ನಡ ಓದುತ್ತೇನೆ, ಬರೆಯುತ್ತೇನೆ, ಸ್ವಲ್ಪ ನಿಧಾನ. ಇಂಗ್ಲಿಷ್ ಬರುವುದಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲು ನಾನು ಬಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಹೆಸರು ಕೊರೆಯಬೇಕೆಂದು ಬಂದವರಿಗೆ, "ನೀವೇ ಒಂದು ಚೀಟಿ ಮ್ಯಾಲ ಬರದು ಕೊಡ್ರಿ, ನಾಳೆ ಹಂಗಲ್ಲ ಹಿಂಗ ಅನಬಾರದು," ಎನ್ನುತ್ತಿದ್ದೆ. ಚೀಟಿ ನೋಡಿ ಅಕ್ಷರದ ಆಕಾರವನ್ನು ರಂಗೋಲಿ ತೆಗೆದ ಹಾಗೆ ತೆಗೆಯುತ್ತಿದ್ದೆ. ಅಚ್ಚು ಹಾಕಿದ ಹಾಗೆ ಬರುತ್ತಿತ್ತು. ಏನು ಬರೆದೆ ಎಂಬುದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ.

ಕಾಕಾ ದಿನಾ ಮೂರು ಗಂಟೆಗೆ ಬರುತ್ತಿದ್ದರು. ಐದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಜ್ವರವಿದ್ದರೂ ದಾಡಿ ಬೋಳಿಸಿರಬೇಕು, ಅಂಗಿಯ ತೋಳು ಮಡಿಕೆ ಮುರಿಯದಿರಬೇಕು. ಇಸ್ತ್ರಿ ಇಲ್ಲ, ಹಾಸಿಗೆಯ ಕೆಳಗೆ ಇಟ್ಟು ಮಲಗಿ ಮಡಿಕೆ ತೆಗೆದದ್ದು. ಚಪ್ಪಲಿ ಬಿಟ್ಟರೆ ಎರಡೂ ಜೋಡಿಯಾಗಿ, ಮೂತಿ ರಸ್ತೆಯ ಕಡೆಗೆ. ಯಾರಾದರೂ ಕರೆದರೆ 'ಓ' ಎನ್ನುತ್ತಿರಲಿಲ್ಲ, 'ಹಾಜರ್' ಎನ್ನುತ್ತಿದ್ದರು. ಕಟ್ಟೆಯ ಮೇಲೆ ಕುಳಿತು ಅಳಿಯನ ಹರಿದ ಬಲೆಗಳಿಗೆ ಗಂಟು ಹಾಕುತ್ತ ಸಂಜೆ ಮಾಡುತ್ತಿದ್ದರು. ನನ್ನನ್ನು 'ಉಸ್ತಾದ' ಎಂದು ಕರೆಯುತ್ತಿದ್ದರು. ಚಕ್ರದ ಮುಂದೆ ಮಸಿ ಬಡಿದುಕೊಂಡು ಕುಳಿತವನಿಗೆ ಯಾರು ಹಾಗನ್ನುತ್ತಾರೆ? ನನಗೆ ಅದು ಹಿತವಾಗಿತ್ತು.

ಚಹಾದಂಗಡಿಯವನು ಗ್ಲಾಸು ತಂದಿಡುವಾಗ ದಿನಕ್ಕೊಮ್ಮೆ ಅವರನ್ನು ಕೆಣಕಲೇಬೇಕು.

"ಕಾಕಾ, ಖರೇ ಹೇಳು, ಎಷ್ಟು ಮಂದೀನ ಹೊಡದಿ?"

"ಒಬ್ಬನ್ನೂ ಇಲ್ಲಪಾ."

"ಒಂದರೆ ಗುಂಡು ಹಾರಿಸೀಯೋ ಇಲ್ಲೋ?"

"ಬಂದೂಕು ಕಲಿಯೂವಾಗ ಹಾರಿಸಿದ್ದೆ. ಗುರಿ ಬಿಟ್ಟು ಗುಡ್ಡಕ್ಕ ಬಡೀತು. ಗುಡ್ಡ ಇನ್ನೂ ಅಲ್ಲೇ ಅದ."

"ಮತ್ತ ಲಡಾಯ್‌ನ್ಯಾಗ ಏನ್ ಮಾಡಿದಿ?"

"ಹಗ್ಗ ಹಿಡದಿದ್ದೆ."

"ಹೇ, ಆಕಳ ಹಗ್ಗ ನಮ್ಮವ್ವನೂ ಹಿಡದಾಳ ತಗೋ!"

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ಕಾಕಾ ಕೂಡ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ನಗೆ ಅವರ ನಗೆಯಂಥದಲ್ಲ ಎಂದು ಈಗ ತಿಳಿಯುತ್ತದೆ.

ಒಂದು ದಿನ ಅವರು ಡಬ್ಬಿ ತಂದು ಪದಕಗಳನ್ನು ತೋರಿಸಿದರು. ಎರಡು ದುಂಡಗಿನವು, ಒಂದು ನಕ್ಷತ್ರದ ಹಾಗೆ. ರಿಬ್ಬನ್ನಿನ ಬಣ್ಣಗಳು ಹೊಳೆಯ ನೀರಿನಲ್ಲಿ ಒಂದರೊಳಗೊಂದು ಇಳಿದಿದ್ದವು.

"ಯಾತಕ್ಕ ಕೊಟ್ರು ಕಾಕಾ ಇವನ್ನ?"

"ಅಲ್ಲಿ ಇದ್ದದ್ದಕ್ಕ."

"ಬರೇ ಇದ್ದದ್ದಕ್ಕ ಪದಕ ಕೊಡ್ತಾರೇನು?"

"ಹಾಜರಿ ಉಸ್ತಾದ, ಹಾಜರಿ. ಸಾಲ್ಯಾಗ ಮಾಸ್ತರ ಹೆಸರು ಕೂಗ್ತಾನಲ್ಲ, ನಾವು ಹಾಜರ್ ಅಂತೀವಿ. ಹಂಗ. ಶೂರರಿಗೆ ಕೊಡೂವು ಬ್ಯಾರೆ ಇರ್ತಾವ. ಇವು ನಮ್ಮಂಥಾರವು." ಒಂದು ದುಂಡಗಿನದನ್ನು ಎತ್ತಿ ನಕ್ಕರು. "ಇದಂತೂ ಸ್ವಾತಂತ್ರ್ಯಕ್ಕ ಇಪ್ಪತ್ತೈದು ವರ್ಷ ಆದಾಗ ಎಲ್ಲಾರಿಗೂ ಬಂತು. ಅಡಿಗಿಯವಗೂ ಬಂತು, ಕಾಲಿಗೆ ಗಾಯಾಗಿ ದವಾಖಾನ್ಯಾಗ ಮಲಗಿದ್ದವಗೂ ಬಂತು."

ನಾನು ನಂಬಲಿಲ್ಲ. ಹಗ್ಗ ಎಳೆದವನಿಗೆ ಸರಕಾರ ಮೂರು ಪದಕ ಕೊಡುತ್ತದೆಯೇ? ಪಾಲಿಶಿನ ಸಾಮಾನು ತರಲು ಹೈದರಾಬಾದಿಗೆ ಹೋದಾಗ ಹಳೆಯ ಸಾಮಾನಿನ ಬಜಾರಿನಲ್ಲಿ ಇಂಥ ಪದಕಗಳನ್ನು ಚಾಪೆಯ ಮೇಲೆ ಹರವಿ ಮಾರುವುದನ್ನು ನೋಡಿದ್ದೆ. ಮುದುಕ ಅಲ್ಲಿಂದ ತಂದಿರಬೇಕು, ತರಲಿ, ಯಾರಿಗೇನು ನಷ್ಟ ಎಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ. ಅವರ ಮೇಲೆ ದೊಡ್ಡ ಮನಸ್ಸು ಮಾಡಿದ ಹಾಗೆ ಸುಮ್ಮನಿದ್ದೆ.

ಮುಂದೆ ನಡೆದದ್ದು ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ರೀತಿಯನ್ನು ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಕೊಡುವ ಕೊಡ, ತಂಬಿಗೆ, ಪರಾತಗಳ ಮೇಲೆ ಕೊಟ್ಟವರ ಹೆಸರು ಕೊರೆಸುತ್ತಾರೆ. ಎಲ್ಲರಿಗೂ ಹೊಸದು ಕೊಡುವ ಶಕ್ತಿ ಇರುವುದಿಲ್ಲ. ಹಳೆಯ ಕೊಡ ತಂದು, "ಜರಾ ಹೊಸಾದು ಮಾಡಿಕೊಡು," ಎನ್ನುತ್ತಾರೆ. ಅದರ ಮೇಲೆ ಯಾರದೋ ಹಳೆಯ ಹೆಸರಿರುತ್ತದೆ. ಆ ಹೆಸರು ಬೀಗರ ಕಣ್ಣಿಗೆ ಬಿದ್ದರೆ ಕೊಟ್ಟವರ ಮಾನ ಹೋಗುತ್ತದೆ. ಅದಕ್ಕೆ ನಾವು ಪಾಲಿಶಿನವರು ಹಳೆಯ ಹೆಸರನ್ನು ಮೊದಲು ತೆಗೆಯುತ್ತೇವೆ. ಇದು ಯಾರದು, ನಿಮ್ಮ ಕಡೆ ಹೇಗೆ ಬಂತು ಎಂದು ಗಿರಾಕಿಯನ್ನು ಕೇಳುವುದಿಲ್ಲ. ಕೇಳಿದರೆ ಅವರು ನಾಚಬೇಕಾಗುತ್ತದೆ. ಕೇಳದೆ ತೆಗೆಯುವುದೇ ಮರ್ಯಾದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಅದನ್ನು ನಾನು ಇಷ್ಟು ವರ್ಷ ಪಾಲಿಸಿದ್ದೆ.

ಹೋದ ವರ್ಷದ ಹಿಂದಿನ ವರ್ಷ ಕಾಕಾನ ಹಳ್ಳಿಯ ಪಂಚಾಯಿತಿಯ ಮುಂದೆ ಒಂದು ಕಲ್ಲು ನಿಲ್ಲಿಸುವುದೆಂದು ಠರಾವಾಯಿತು. ಆ ಊರಿನಿಂದ ಫೌಜಿಗೆ ಹೋದವರ ಹೆಸರನ್ನೆಲ್ಲ ಅದರ ಮೇಲೆ ಕೆತ್ತುತ್ತಾರೆ. ಸುದ್ದಿ ಕೇಳಿದ ದಿನವೇ ಕಾಕಾ ಬಸ್ಸು ಹತ್ತಿ ಹೋಗಿ ಅರ್ಜಿ ಕೊಟ್ಟು ಬಂದರು. ಪಂಚಾಯಿತಿಯವರು ಸಬೂತು ಕೇಳಿದರು. ಊರಿನಲ್ಲಿ ಅವರ ವಾರಿಗೆಯವರು ಯಾರೂ ಉಳಿದಿರಲಿಲ್ಲ, ಮಗಳ ಮಾತು ಸಬೂತಾಗುವುದಿಲ್ಲ. ಫೌಜಿನ ದಫ್ತರಕ್ಕೆ ಕಾಗದ ಬರೆದು ಉತ್ತರ ತರಿಸುವುದರೊಳಗೆ ಕಲ್ಲು ನಿಂತಿರುತ್ತದೆ.

"ಕಲ್ಲಿನ ಮ್ಯಾಲ ಹೆಸರು ಬಂದ್ರ ಏನು ಬರ್ತದ ಕಾಕಾ ನಿಮಗ?" ಎಂದು ಕೇಳಿದೆ.

ಅವರು ಬಲೆಯ ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದರು. "ಆ ಊರಾಗ ಈಗ ನನ್ನ ಮನಿ ಇಲ್ಲ. ಹೊಲ ಮೊದಲೇ ಇರಲಿಲ್ಲ. ಟ್ರಂಕೂ ಹೋತು. ನಾ ಅಲ್ಲಿ ಹುಟ್ಟಿ ಎಲ್ಲಿಗ್ಯೋ ಹೋಗಿ ಏನೋ ಮಾಡಿ ಬಂದೀನಿ ಅನ್ನೋದು ಎಲ್ಲಿಯೂ ಇಲ್ಲ. ಒಂದು ಕಲ್ಲಿನ ಮ್ಯಾಲರೆ ಇರಲಿ."

ಮಾರನೆಯ ದಿನ ಬೆಳಿಗ್ಗೆ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು.

"ನಕ್ಷತ್ರದ ಕೊಂಡಿ ಮುರದದ. ಬೆಸಿಗಿ ಹಾಕಿಕೊಡು. ಸೋಮವಾರ ಇವನ್ನೇ ಒಯ್ದು ಮುಂದ ಇಡ್ತೀನಿ, ಇವೇ ನನ್ನ ಸಬೂತು. ಬೆಸಿಗಿ ಅಷ್ಟೇ ಉಸ್ತಾದ, ಮತ್ತೇನೂ ಬ್ಯಾಡ."

ಬೆಸುಗೆ ಹತ್ತು ನಿಮಿಷದ ಕೆಲಸ. ಹಾಕಿ ಮುಗಿಸಿ ಪದಕವನ್ನು ಬೆಳಕಿಗೆ ಹಿಡಿದೆ. ನಕ್ಷತ್ರದ ಬೆನ್ನ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳು, ಅಂಕಿಗಳು. ದುಂಡಗಿನವನ್ನು ತಿರುಗಿಸಿದೆ. ಅವುಗಳ ಅಂಚಿನ ದಪ್ಪದ ಮೇಲೂ ಸುತ್ತ ಅಂಥವೇ ಅಕ್ಷರಗಳು, ಇರುವೆಗಳ ಸಾಲಿನ ಹಾಗೆ. ಹೆಸರು ಕೊರೆದು ಕೊರೆದು ಹೆಸರಿನ ಹದ ನನ್ನ ಕಣ್ಣಿಗೆ ಗೊತ್ತು. ಇದು ಯಾರದೋ ಹೆಸರು ಎಂದು ತಿಳಿಯಿತು. ಯಾರದು ಎಂದು ಓದಲು ಬರಲಿಲ್ಲ. ನಾಲ್ಕು ಮನೆ ನಡೆದು ಕೇಳಬಹುದಿತ್ತು. ಎದುರಿನ ಮೆಡಿಕಲ್ ಅಂಗಡಿಯವನಿಗೆ ತೋರಿಸಿದ್ದರೆ ಓದಿ ಹೇಳುತ್ತಿದ್ದ. ಆದರೆ ತೋರಿಸಿದರೆ ನನಗೆ ಓದಲು ಬರುವುದಿಲ್ಲ ಎಂದು ಅವನಿಗೆ ತಿಳಿಯುತ್ತದೆ.

ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಮುದುಕ ಯಾರದೋ ಪದಕ ಕೊಂಡು ತಂದಿದ್ದಾನೆ, ಅದರ ಮೇಲೆ ಮೂಲದವನ ಹೆಸರಿದೆ. ಸೋಮವಾರ ಪಂಚಾಯಿತಿಯಲ್ಲಿ ಓದು ಬಲ್ಲವರು ಯಾರಾದರೂ ತಿರುಗಿಸಿ ನೋಡಿದರೆ ಈ ವಯಸ್ಸಿನಲ್ಲಿ ಅವನ ಮಾನ ಹೋಗುತ್ತದೆ. ನಾನು ಬದುಕಿರುವಾಗ ಹಾಗಾಗಬಾರದು.

ಹೀಗೆ ಅವರ ಮಾನ ಉಳಿಸಲು ಕುಳಿತೆ. ಮೊದಲು ಸವೆಸುವ ಎಮರಿ ಚಕ್ರಕ್ಕೆ ಹಿಡಿದೆ, ಆಮೇಲೆ ಬಟ್ಟೆಯ ಚಕ್ರಕ್ಕೆ. ಅಂಚು ದುಂಡಗೆ ಉಳಿಯಬೇಕು, ಚಪ್ಪಟೆಯಾಗಬಾರದು. ಅದಕ್ಕೆ ಬೆರಳ ತುದಿಯಲ್ಲಿ ಒಂದೇ ಸಮ ತಿರುಗಿಸುತ್ತಿರಬೇಕು. ಬೆರಳು ಸುಡುತ್ತಿತ್ತು. ಇಡೀ ಮುಂಜಾನೆ ಬೇರೆ ಕೆಲಸ ಮುಟ್ಟಲಿಲ್ಲ. ಮೂರೂ ಮುಗಿದಾಗ ಒಂದು ಅಕ್ಷರದ ನೆರಳೂ ಉಳಿದಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ನಾಜೂಕಿನ ಕೆಲಸ ನಾನು ಮಾಡಿರಲಿಲ್ಲ. ಯಾರಿಗಾದರೂ ತೋರಿಸಬೇಕು ಎನ್ನುವಷ್ಟು ಹೆಮ್ಮೆಯಾಯಿತು.

ಮೂರು ಗಂಟೆಗೆ ಕಾಕಾ ಬಂದರು. ಹೊಸ ಕರವಸ್ತ್ರ ಹಾಸಿ ಮೂರನ್ನೂ ಅದರ ಮೇಲಿಟ್ಟೆ. ಅವರು ಹೊಳಪು ನೋಡಿ, "ಅಬಾಬಾ!" ಎಂದು ನಕ್ಕರು. ನಂತರ ಚಷ್ಮಾ ಹಾಕಿಕೊಂಡು ಒಂದನ್ನು ಎತ್ತಿ ಅಂಚನ್ನು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು. ಅದನ್ನಿಟ್ಟು ಎರಡನೆಯದನ್ನು ಎತ್ತಿದರು. ನಕ್ಷತ್ರವನ್ನು ಬೋರಲು ಹಾಕಿದರು.

"ಇಲ್ಲಿ ಬರದದ್ದು ಎಲ್ಲಿ ಹೋತು?"

ನಾನು ದನಿ ತಗ್ಗಿಸಿ, ನಾವಿಬ್ಬರೇ ಒಂದು ಗುಟ್ಟು ಕಾಯುವವರ ಹಾಗೆ ಹೇಳಿದೆ: "ತಗದೀನಿ ಕಾಕಾ. ಇನ್ನ ಯಾರಪ್ಪನಿಗೂ ಗೊತ್ತಾಗಲ್ಲ."

"ಏನು ಗೊತ್ತಾಗಲ್ಲ?"

"ಅದೇ... ಮೊದಲ ಯಾರದಿತ್ತು ಅಂತ."

ಅವರು ಚಷ್ಮಾ ತೆಗೆದರು. ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಅದು ನನ್ನ ಹೆಸರಿತ್ತೋ," ಎಂದರು. "ನನ್ನ ನಂಬರು, ನನ್ನ ಹೆಸರು. ಸರಕಾರ ಒಬ್ಬೊಬ್ಬರದೂ ಕೊರೆದು ಕೊಡ್ತದ."

ಪದಕಗಳನ್ನು ಒಂದು ಸಾಲಿಗೆ ಇಟ್ಟು ಮತ್ತೆ ಕೇಳಿದರು:

"ಅವು ನನ್ನವು ಅಂತ ನಿನಗ ಒಂದು ದಿನಾನೂ ಅನಸಲಿಲ್ಲೇನು ಉಸ್ತಾದ?"

ನಾನು ಗಡಬಡಿಸಿ ಕೊರೆಯುವ ಸೂಜಿ ತೆಗೆದು, "ಒಂದು ಚೀಟಿ ಮ್ಯಾಲ ಬರದು ಕೊಡ್ರಿ, ಹೆಂಗಿತ್ತೋ ಹಂಗೇ ಕೊರೀತೀನಿ, ಈಗಿಂದೀಗ," ಎಂದೆ. ಅವರು ತಲೆ ಅಲ್ಲಾಡಿಸಿದರು. "ನೀ ಕೊರದ್ರ ಅದು ಸಬೂತು ಆಗಲ್ಲಪಾ. ಖೋಟಾ ಆಗ್ತದ. ನಾ ಖೋಟಾ ಒಯ್ದು ತೋರಸ್ಲೇನು?" ಪದಕಗಳನ್ನು ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ನನ್ನ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟು ಎದ್ದು ಹೋದರು.

ಸೋಮವಾರ ನಾನೇ ನನ್ನ ಗಾಡಿಯ ಮೇಲೆ ಅವರನ್ನು ಹಳ್ಳಿಗೆ ಕರೆದುಕೊಂಡು ಹೋದೆ. ಪಂಚಾಯಿತಿಯಲ್ಲಿ ನಾನೇ ಎದ್ದು ನಿಂತು, ಹೆಸರಿತ್ತು, ತೆಗೆದವನು ನಾನು ಎಂದು ಹೇಳುವುದಾಗಿ ಮಾತು ಕೊಟ್ಟಿದ್ದೆ. ಸುರಪುರ ದಾಟುವವರೆಗೂ ಆ ಮಾತನ್ನು ಮನಸ್ಸಿನಲ್ಲಿ ಅಂದುಕೊಳ್ಳುತ್ತಲೇ ಇದ್ದೆ. ಹಿಂದೆ ಕುಳಿತ ಕಾಕಾ, "ಹಿಟ್ಟಿನ ಗಿರಣಿ ಇಲ್ಲಿತ್ತು, ಈಗ ಮೊಬೈಲ್ ಅಂಗಡಿ ಆಗ್ಯಾದ ನೋಡು," ಎಂದು ಊರು ತೋರಿಸುತ್ತಿದ್ದರು. ಅವರು ಧೈರ್ಯವಾಗಿದ್ದರು. ನಾನಿದ್ದೇನೆ ಎಂದು.

ಪಂಚಾಯಿತಿಯ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಮೇಜಿನ ಹಿಂದೆ ಕಾರ್ಯದರ್ಶಿ. ಪಕ್ಕದಲ್ಲಿ ಒಬ್ಬ ಮೆಂಬರು, ನನಗಿಂತ ಚಿಕ್ಕವನು, ಆ ವರ್ಷದ ವೈಶಾಖದಲ್ಲಿ ತಂಗಿಯ ಮದುವೆಗೆ ಇಪ್ಪತ್ತೊಂದು ಕೊಡಗಳಿಗೆ ನನ್ನಿಂದ ಹೆಸರು ಕೊರೆಸಿದವನು. ನನ್ನನ್ನು ಕಂಡು, "ಅರೇ, ನಮ್ಮ ಆರ್ಟಿಸ್ಟು!" ಎಂದು ಕುರ್ಚಿ ಕೊಟ್ಟ. ಕಾಕಾ ನಿಂತೇ ಇದ್ದರು. ಒಬ್ಬೊಬ್ಬರ ಅರ್ಜಿ ಕರೆದರು. ಕಾಕಾ 'ಹಾಜರ್' ಎಂದು ಮುಂದೆ ಹೋಗಿ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು.

ಮೆಂಬರು ಒಂದು ಪದಕ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. "ಐವತ್ತು ವರ್ಷದ್ದು ಅಂತಿ ಅಜ್ಜಾ, ನಿನ್ನೆ ತಂದಾಂಗ ಹೊಳಿಯಾಕತ್ತದಲ್ಲ? ಯಾವ ಬಜಾರದಾಗ ತಗೊಂಡಿ?" ಎಲ್ಲರೂ ನಕ್ಕರು.

"ಅಂಚಿನ ಮ್ಯಾಲ ನನ್ನ ಹೆಸರು ಇತ್ರಿ. ಪಾಲಿಶ್ ಮಾಡಿದಾಗ ಹೋಗ್ಯಾದ," ಎಂದರು ಕಾಕಾ. ನನ್ನ ಕಡೆ ಬೆರಳು ತೋರಿಸಲಿಲ್ಲ. ತಿರುಗಿ ನೋಡಿದರು, ಅಷ್ಟೇ.

ಕಾರ್ಯದರ್ಶಿ ಕೇಳಿದರು: "ಪಾಲಿಶ್ ಮಾಡಿದವರು ನೀವೇ ಏನ್ರಿ? ಇವರ ಹೆಸರು ಇತ್ತೇನು ಇದರ ಮ್ಯಾಲ?"

ನಾನು ಎದ್ದೆ. ಆ ಕೋಣೆಯಲ್ಲಿದ್ದ ಅರ್ಧ ಮಂದಿಯ ಮನೆಯ ಕೊಡಗಳ ಮೇಲೆ ನನ್ನ ಕೈಬರಹವಿತ್ತು. ಹೆಸರಿತ್ತು ಎಂದರೆ, ಯಾಕೆ ತೆಗೆದೆ ಎನ್ನುತ್ತಾರೆ. ಓದಲು ಬರಲಿಲ್ಲ ಎಂದರೆ, ಹಾಗಾದರೆ ನಮ್ಮ ಕೊಡದ ಮೇಲೆ ಏನು ಬರೆದಿದ್ದೀ ಎನ್ನುತ್ತಾರೆ. ಆರ್ಟಿಸ್ಟು ಎಂದ ಬಾಯಲ್ಲೇ ಹೆಬ್ಬೆಟ್ಟು ಎನ್ನುತ್ತಾರೆ.

"ನಾ ಅಷ್ಟು ಲಕ್ಷ್ಯ ಕೊಟ್ಟು ನೋಡಿಲ್ರಿ," ಎಂದೆ.

ಕಾಕಾ ನನ್ನನ್ನು ನೋಡುತ್ತಲೇ ಇದ್ದರು. ನಾನು ಕಾರ್ಯದರ್ಶಿಯ ಮೇಜಿನ ಮೇಲಿದ್ದ ರಬ್ಬರು ಮುದ್ರೆಯನ್ನು ನೋಡುತ್ತಿದ್ದೆ. ಮೆಂಬರು ಪದಕವನ್ನು ಡಬ್ಬಿಯೊಳಗೆ ಹಾಕಿದ; ಠಣ್ ಎಂದಿತು. "ಹೋಗ್ಲಿ ಬಿಡ್ರಿ," ಎಂದರು ಕಾಕಾ, ನನಗೋ ಅವನಿಗೋ ತಿಳಿಯಲಿಲ್ಲ. ಡಬ್ಬಿ ಎತ್ತಿಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ ಹೊರಗೆ ಬಂದರು.

ತಿರುಗಿ ಬರುವಾಗ ಕೆಂಭಾವಿಯ ಕಡೆಗೆ ರಸ್ತೆ ಒಡೆಯುವಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅವರು ಎಂದಿನಂತೆ ಗ್ಲಾಸು ಹಿಡಿದು ಅರ್ಧ ಕುಡಿದು, ಬೈಗುಳವಿಲ್ಲ, ವ್ಯಂಗ್ಯವಿಲ್ಲ, ಬಲೆಯ ಗಂಟು ಹೇಳಿಕೊಡುವ ದನಿಯಲ್ಲಿ ಹೇಳಿದರು:

"ನಿನಗ ಇಂಗ್ಲಿಷ್ ಓದಾಕ ಬರಲ್ಲ. ಹೌದಲ್ಲೊ?"

ನಾನು ಗ್ಲಾಸಿನ ತುದಿ ಹಿಡಿದು ಚಹಾ ಊದಿದೆ.

"ನನಗೂ ಬರ್ತಿರಲಿಲ್ಲ. ಕಂಪನ್ಯಾಗ ಒಬ್ಬ ಹವಾಲ್ದಾರ ಕಲಿಸಿದ. ಇಪ್ಪತ್ತಾರೇ ಅಕ್ಷರ ಅವ ಉಸ್ತಾದ, ನಿನ್ನ ಕೈಗೆ ಅವು ಮೊದಲೇ ಗೊತ್ತವ. ದಿನಾ ಮೂರಕ್ಕ ಬರ್ತೀನಲ್ಲ, ನಾ ಹೇಳಿಕೊಡ್ತೀನಿ."

ಆ ಹೊತ್ತಿಗೆ ಅವರ ಕಾಲು ಹಿಡಿಯಬೇಕಿತ್ತು. ನನಗೆ ಸಿಟ್ಟು ಬಂತು. ನನ್ನ ಗುಟ್ಟು ಅವರ ಕೈಗೆ ಸಿಕ್ಕಿತಲ್ಲ ಎಂದು ಸಿಟ್ಟು. "ನಂದು ನಡದದ, ಬಿಡ್ರಿ. ಈ ವಯಸ್ಸಿನ್ಯಾಗ ಯಾತಕ್ಕ," ಎಂದು ಗಾಡಿಗೆ ಕಿಕ್ ಹೊಡೆದೆ.

ಆಮೇಲೂ ಅವರು ಮೂರು ಗಂಟೆಗೆ ಬಂದರು. ಒಂದು ದಿನ ಬಲೆಯ ಜೊತೆ ಒಂದು ಕಲ್ಲುಪಾಟಿಯನ್ನೂ ತಂದಿದ್ದರು. ಅವರು ಕಟ್ಟೆ ಹತ್ತುವುದು ಕಾಣುತ್ತಲೇ ನಾನು ಮೋಟಾರು ಹಾಕುತ್ತಿದ್ದೆ. ಕೆಲಸವಿಲ್ಲದಿದ್ದರೂ ತಿಕ್ಕಿದ್ದನ್ನೇ ತಿಕ್ಕುತ್ತಿದ್ದೆ. ಚಕ್ರದ ಸಪ್ಪಳದಲ್ಲಿ ಮಾತು ಕೇಳುವುದಿಲ್ಲ. ಹತ್ತು ಹದಿನೈದು ದಿನ ಹಾಗೆ ನಡೆಯಿತು. ಮನೆಯಲ್ಲಿ ಹೆಂಡತಿ, "ಆ ಹಿರಿ ಮನುಷ್ಯಾನ ಜೋಡಿ ಏನು ಮಾಡಿಕೊಂಡೀರಿ? ಒಬ್ಬರೇ ಕುಂತು ಎದ್ದು ಹೋಗ್ತಾರ," ಎಂದಳು. ಅವಳಿಗೂ ನಾನು ಹೇಳಲಿಲ್ಲ. ನಂತರ ಅವರು ಬರುವುದನ್ನು ನಿಲ್ಲಿಸಿದರು. ಪಂಚಾಯಿತಿಯ ಮುಂದೆ ಕಲ್ಲು ನಿಂತಿತು. ಅದರ ಮೇಲೆ ಏಳು ಹೆಸರುಗಳು ಬಂದವು. ಅವರದು ಬರಲಿಲ್ಲ.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಮೂರೇ ದಿನದ ಜ್ವರ. ಮೂರನೆಯ ದಿನವೂ ದಾಡಿ ಬೋಳಿಸಲು ಅಳಿಯನನ್ನು ಕರೆದರಂತೆ. ನಮ್ಮ ಕಡೆಯ ಪದ್ಧತಿಯಂತೆ ಅಂಗಳದಲ್ಲಿ ಅವರನ್ನು ಕೂರಿಸಿದ್ದರು. ಮಗಳು ಬಿಳಿ ಅಂಗಿಯ ಎದೆಗೆ ಮೂರೂ ಪದಕ ಸಿಕ್ಕಿಸಿದ್ದಳು. ಓಣಿಯ ತಿರುವಿನಲ್ಲೇ ನನಗೆ ಆ ಹೊಳಪು ಕಣ್ಣಿಗೆ ಹೊಡೆಯಿತು. ಬಂದವರೆಲ್ಲ, ಎಷ್ಟು ಚಂದ ಹೊಳೆಯುತ್ತಿವೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಹೂವಿನ ಹಾರ ಅವುಗಳ ಮೇಲೆ ಬರುವ ಹಾಗೆ ಹಾಕಿ ಹಿಂದೆ ಸರಿದೆ.

ಮಗಳು ತಿಥಿ ಮುಗಿದ ಮೇಲೆ ಒಂದು ದಿನ ಅಂಗಡಿಯ ಮುಂದೆ ಹಾಯುವಾಗ ನಿಂತು, "ಅಪ್ಪ ನಿಮ್ಮ ಮ್ಯಾಲ ಸಿಟ್ಟು ಮಾಡಿಕೊಂಡಿರಲಿಲ್ರಿ ಅಣ್ಣ. 'ಅವನಿಗಿ ಯಾರರೆ ಜರಾ ಕಲಿಸಿದ್ರ ಚಲೋ ಆಗ್ತಿತ್ತು, ಕೈ ಭಾಳ ಚಂದ ಅದ' ಅಂತಿದ್ದ," ಎಂದು ಹೋದಳು. ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯದೆ ಗಾಡಿ ತೆಗೆದುಕೊಂಡು ಹಳ್ಳಿಗೆ ಹೋದೆ.

ಕಾರ್ಯದರ್ಶಿ ಇದ್ದರು. ಮೆಂಬರೂ ಇದ್ದ. ಕುರ್ಚಿ ಕೊಟ್ಟ, ನಾನು ಕೂರಲಿಲ್ಲ. ನಿಂತೇ ಹೇಳಿದೆ. ಪದಕದ ಮೇಲೆ ಹೆಸರಿತ್ತು, ನಾನೇ ಚಕ್ರಕ್ಕೆ ಹಿಡಿದು ತೆಗೆದೆ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಂದು ಈ ಕೋಣೆಯಲ್ಲಿ ಸುಳ್ಳು ಹೇಳಿದೆ. ನಿಮ್ಮ ತಂಗಿಯ ಕೊಡಗಳ ಮೇಲೆ ಬರೆದದ್ದೂ ಓದಲು ಬಾರದೆಯೇ ಬರೆದದ್ದು ಎಂದೂ ಹೇಳಿದೆ. ಮೆಂಬರು ಬಾಯಿ ತೆರೆದು ನನ್ನನ್ನೇ ನೋಡಿದ. "ಮನಷ್ಯಾ ಸತ್ತ ಮ್ಯಾಲ ಬಂದು ಹೇಳ್ತಿಯಲ್ಲೋ ಮಾರಾಯ," ಎಂದ. ಅವನು ಆರ್ಟಿಸ್ಟು ಎನ್ನಲಿಲ್ಲ. ಹೆಬ್ಬೆಟ್ಟು ಎಂದೂ ಅನ್ನಲಿಲ್ಲ.

ಕಾರ್ಯದರ್ಶಿ ಒಂದು ಬಿಳಿ ಹಾಳೆ ಮುಂದಿಟ್ಟರು. "ಬಾಯಿ ಮಾತು ನಡಿಯಲ್ರಿ. ಬರದು ಸಹಿ ಮಾಡಿಕೊಡ್ರಿ, ಮುಂದಿನ ಸಭಾದಾಗ ಇಡ್ತೀನಿ."

ಕನ್ನಡದಲ್ಲಿ ಬರೆದೆ. ಒಂದು ಪುಟಕ್ಕೆ ಮುಕ್ಕಾಲು ತಾಸು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಕಾರ್ಯದರ್ಶಿ ಓದಿ ನೋಡಿ, ಪೆನ್ನಿನ ತುದಿಯನ್ನು ಒಂದು ಕಡೆ ಇಟ್ಟರು.

"'ಮಿಲ್ಟ್ರಿ ಕಾಕಾ' ಅಂತ ಬರದೀರಿ. ಹಂಗ ನಡಿಯಲ್ಲ. ಅವರ ಪೂರ್ತಿ ಹೆಸರು ಹಾಕ್ರಿ."

ನಾನು ಪೆನ್ನು ತೆಗೆದುಕೊಂಡೆ. ಹಾಳೆಯ ಮೇಲೆ ಇಟ್ಟೆ. ಕೈ ಓಡಲಿಲ್ಲ. ಆರು ವರ್ಷ ದಿನಾ ನನ್ನ ಕಟ್ಟೆಯ ಮೇಲೆ ಕುಳಿತವರ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಅಂದು ಇದೇ ಕೋಣೆಯಲ್ಲಿ ಅವರ ಹೆಸರು ಹಿಡಿದು ಕರೆದಿದ್ದರು, ಅವರು ಹಾಜರ್ ಎಂದಿದ್ದರು. ಕುರ್ಚಿಯ ಮೇಲೆ ಕುಳಿತ ನನಗೆ ನನ್ನ ಮಾನದ ಚಿಂತೆಯಲ್ಲಿ ಅದು ಕಿವಿಗೆ ಬಿದ್ದಿರಲಿಲ್ಲ.

"ಗೊತ್ತಿಲ್ರಿ," ಎಂದೆ.

ಕಾರ್ಯದರ್ಶಿ ಕಾಕಾನ ಹಳೆಯ ಅರ್ಜಿ ಹುಡುಕಿದರು. ಕಲ್ಲಿನ ಕೆಲಸ ಮುಗಿದ ಮೇಲೆ ಆ ಕಡತ ತಾಲೂಕಿಗೆ ಹೋಗಿತ್ತು. ಹೆಸರಿನ ಜಾಗ ಖಾಲಿ ಬಿಟ್ಟ ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಶಹಾಪುರಕ್ಕೆ ಬಂದೆ. ನೇರವಾಗಿ ಮೀನಿನ ಬಜಾರಿಗೆ ಹೋದೆ. ಮಗಳು ಬುಟ್ಟಿಯ ಮುಂದೆ ಕುಳಿತು ಗಿರಾಕಿಗೆ ಮೀನು ಕೊಯ್ದು ಕೊಡುತ್ತಿದ್ದಳು. ಗಿರಾಕಿ ಹೋಗುವವರೆಗೆ ನಿಂತೆ.

"ಅಕ್ಕಾ, ಕಾಕಾರ ಹೆಸರು ಏನು?"

ಅವಳು ತಲೆ ಎತ್ತಿ ನೋಡಿದಳು. ಕೈಯಲ್ಲಿದ್ದ ಚೂರಿ ಹಾಗೇ ನಿಂತಿತ್ತು. ನಾನು ಚೇಷ್ಟೆ ಮಾಡುತ್ತಿಲ್ಲ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎದ್ದು ಹೋಗಿ ನಳದ ಕೆಳಗೆ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ನನ್ನ ಪಕ್ಕದಲ್ಲಿ ಬಂದು ನಿಂತು, ಅವರಪ್ಪನ ಹೆಸರು ಸೇರಿಸಿ, ಮನೆತನದ ಹೆಸರು ಸೇರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ನಾನು ಅಲ್ಲೇ ಕುಳಿತು ಮೊಳಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಬರೆದದ್ದನ್ನು ಅವಳಿಗೆ ಓದಿ ತೋರಿಸಿದೆ. ಸರಿಯಿದೆ ಎಂದಳು.

ಹಾಳೆ ಈಗ ಪಂಚಾಯಿತಿಯಲ್ಲಿದೆ. ಇನ್ನೂ ಸಭೆಯಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ ಕೇಳಿ ಬರುತ್ತೇನೆ. ಏಳು ಹೆಸರುಗಳ ಕೆಳಗೆ ಕಲ್ಲಿನಲ್ಲಿ ನಾಲ್ಕು ಬೆರಳು ಜಾಗವಿದೆ, ಅಳೆದು ನೋಡಿದ್ದೇನೆ, ಒಂದು ಹೆಸರು ಸರಿಯಾಗಿ ಕೂರುತ್ತದೆ. ಆ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಮೊದಲು ಅಲ್ಲಿ ಬರಲಿ.